ಗಾಣಗಾಪುರದ ತೋಟದಲ್ಲಿ ಕೀಟಪಾಠ

ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನಲ್ಲಿ, ಭೀಮಾನದಿಯನ್ನು ಅಮರಜೆಯು ಬಂದು ಕೂಡುವ ಎಡೆಯಲ್ಲಿ, ಗಾಣಗಾಪುರವೆಂಬ ದತ್ತಕ್ಷೇತ್ರವಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಸೊಲ್ಲಾಪುರದಿಂದ ಕಲಬುರಗಿಗೆ ಬರುವ ರೈಲುದಾರಿಯಲ್ಲಿ ‘ಗಾಣಗಾಪುರ ರೋಡ್’ ಎಂಬ ನಿಲ್ದಾಣವುಂಟು. ಅಲ್ಲಿ ಇಳಿದು ಸುಮಾರು ೨೦ ಕಿಲೋಮೀಟರಿನ ದಾರಿಯನ್ನು ಮೋಟಾರಿನಲ್ಲಿ ಸಾಗಿದರೆ ಊರು ಸಿಕ್ಕುವುದು. ದಾರಿಯ ಇಕ್ಕೆಲದಲ್ಲಿಯೂ ಎರೆಭೂಮಿ. ನಾವು ಹೋದುದು ಫಾಲ್ಗುಣದ ಕೊನೆಯಾದುದರಿಂದ ತೊಗರಿಯ ಸುಗ್ಗಿ ಮುಗಿದು, ಜೋಳದ ಕೂಳೆ ನಿಂತು, ನೆಲವು ಬಿರುಕುಬಿಟ್ಟು ಬಾಯಾರಿದಂತೆ ಕಾಣುತ್ತಿದ್ದಿತು. ನದಿಯು ಸಮೀಪಿಸಿದಂತೆ ಮಾತ್ರ ಕಬ್ಬು, ಬಾಳೆ, ಪಪ್ಪಾಯಿ, ನಿಂಬೆಗಳ ಹಸುರು ಕಣ್ಣಿಗೆ ತಂಪನ್ನೀಯುವುದು. ಭೀಮೆಯ ಮೇಲ್ದಂಡೆಯನ್ನು ಹಿಡಿದು ಹೋದರೆ ವಿಜಯಪುರ ಜಿಲ್ಲೆಯ ಇಂಡಿಯ ಸೀಮೆ. ನಿಂಬೆಯ ಬೆಳೆಗೆ ಅದು ಹೆಸರಾದ ನಾಡು.

ಶ್ರೀ ನೃಸಿಂಹ ಸರಸ್ವತಿ ಯತಿಗಳು ೧೫ನೆಯ ಶತಮಾನದಲ್ಲಿ ಬಹುಕಾಲ ಇಲ್ಲಿ ನೆಲಸಿದ್ದರೆಂಬುದು ಸಂಪ್ರದಾಯ. ಅವರ ನಿರ್ಗುಣಪಾದುಕೆಗಳು ಊರೊಳಗಿನ ಮಠದಲ್ಲಿ ಪೂಜೆಗೊಳ್ಳುತ್ತಿವೆ. ಮಧ್ಯಾಹ್ನದ ವೇಳೆಗೆ ಗುರುವು ಯಾವುದಾದರೊಂದು ವೇಷದಿಂದ ಭಿಕ್ಷೆಗೆ ಬರುವನೆಂಬ ನಂಬಿಕೆಯಿಂದ, ಲಕ್ಷಾಧಿಪತಿಗಳೂ ಇಲ್ಲಿ ಜೋಳಿಗೆ ಹಿಡಿದು ಐದು ಮನೆಗಳಲ್ಲಿ ಬೇಡುವರು. ಈ ಭಿಕ್ಷೆಗೆ ‘ಮಧುಕರಿ’ಯೆಂದು ಹೆಸರು. ಜೇನುಹುಳು ಯಾವ ಹೂವನ್ನೂ ನೋಯಿಸದೆ ಒಂದೊಂದರಿಂದ ಒಂದೊಂದು ಹನಿಯನ್ನು ಕೊಳ್ಳುವಂತೆ ಭಿಕ್ಷುವೂ ಕೊಳ್ಳತಕ್ಕುದೆಂಬುದು ಆ ಹೆಸರಿನ ಇಂಗಿತ. ಹುಳುವನ್ನು ನೋಡಿ ನಡತೆಯನ್ನು ಕಲಿತುಕೊಂಡ ಊರಿದು.

ಈ ಮಾತು ನಮ್ಮ ಮನಸ್ಸಿಗೆ ಹೊಳೆದುದು ಯಾತ್ರೆಯ ಪುಣ್ಯದಿಂದಲ್ಲ, ಜೊತೆಗಾರರ ಪುಣ್ಯದಿಂದ. ಮೂವತ್ತು ವರ್ಷಗಳ ಹಿಂದೆ ನಮ್ಮಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ್ದ ಶಿಷ್ಯರೊಬ್ಬರು ಈಗ ಕೀಟಶಾಸ್ತ್ರದಲ್ಲಿ ಪಂಡಿತರಾಗಿ, ತೋಟಗಾರರಿಗೆ ಜೈವಿಕ ಕೀಟನಿಯಂತ್ರಣದ ಮಾರ್ಗವನ್ನು ತಿಳಿಸುವ ಉದ್ಯೋಗದಲ್ಲಿರುವರು. ಬೆಳೆಯನ್ನು ತಿನ್ನುವ ಹುಳುವನ್ನು ವಿಷದಿಂದಲ್ಲದೆ, ಅದರ ಹುಟ್ಟುಶತ್ರುವಾದ ಬೇರೊಂದು ಜೀವಿಯಿಂದಲೇ ಅಡಗಿಸುವುದು ಈ ವಿದ್ಯೆಯ ಸಾರ. ನದಿಯಂಚಿನ ತೋಟವೊಂದಕ್ಕೆ ಅವರಿಗೆ ಕರೆ ಬಂದಿದ್ದಿತು. ನಮಗೆ ಸಂಗಮಸ್ನಾನದ ಬಯಕೆಯಿದ್ದಿತು. ಹೀಗಾಗಿ ಇಬ್ಬರೂ ಕೂಡಿ ಹೊರಟೆವು.

ಸಂಗಮದ ಬಳಿ ಔದುಂಬರ ವೃಕ್ಷದ ಕೆಳಗೆ ಭಕ್ತರು ಗುರುಚರಿತ್ರೆಯ ಪಾರಾಯಣ ಮಾಡುತ್ತಿದ್ದರು. ಔದುಂಬರವೆಂದರೆ ನಮ್ಮ ಅತ್ತಿಯ ಮರವೇ. ಕೆಳಗೆ ಬಿದ್ದ ಹಣ್ಣೊಂದನ್ನು ಶಿಷ್ಯರು ಸೀಳಿ ತೋರಿಸಿದರು. ಒಳಗೆ ಎಳ್ಳಿಗಿಂತ ಚಿಕ್ಕ ಹುಳುಗಳು. ಅತ್ತಿಯ ಹಣ್ಣಿನ ಹುಳುವನ್ನು ಅರಿಯದ ಗೃಹಿಣಿಯುಂಟೆ? ಪಾಣಿನೀಯ ಗಣಪಾಠದ ಪಾತ್ರೇಸಮಿತಾದಿ ಗಣದಲ್ಲಿ ‘ಕೂಪಮಂಡೂಕ’ನ ಪಂಕ್ತಿಯಲ್ಲಿಯೇ ‘ಉದುಂಬರಮಶಕ’ನೂ ಕುಳಿತಿರುವನು. ಹಣ್ಣೇ ಬ್ರಹ್ಮಾಂಡವೆಂದು ತಿಳಿದಿರುವ ಅಲ್ಪಜ್ಞನೆಂದು ಅದರ ಭಾವ. ಇದನ್ನು ಹೇಳಿದಾಗ ಶಿಷ್ಯರು ನಕ್ಕು, “ಗುರುಗಳೇ, ಇದು ಮಶಕವಲ್ಲ, ಕಡಜದ ಕುಲದ್ದು, ಅಲ್ಪಜ್ಞವೂ ಅಲ್ಲ” ಎಂದರು. ಅತ್ತಿಯ ಹೂಗಳು ಕಾಯಿಯ ಒಳಮುಖವಾಗಿಯೇ ಅರಳುವುದರಿಂದ ‘ಅತ್ತಿಯ ಹೂವನ್ನು ಕಂಡವರಿಲ್ಲ’ವೆಂಬ ಮಾತು ಹುಟ್ಟಿತಷ್ಟೆ. ಆ ಹೂಗಳಿಗೆ ಪರಾಗವನ್ನು ಮುಟ್ಟಿಸುವುದು ಈ ಪುಟ್ಟ ಕಡಜವೇ. ಹೆಣ್ಣು ಕಡಜವು ಕಾಯಿಯ ಕಣ್ಣಿನಿಂದ ಒಳನುಗ್ಗಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುವುದು. ಅದರ ಹೆಣ್ಣುಮಕ್ಕಳು ಪರಾಗವನ್ನು ಹೊತ್ತು, ಹುಟ್ಟಿದ ಮನೆಯನ್ನು ಬಿಟ್ಟು, ಬೇರೆ ಮರವನ್ನು ಅರಸಿ ಹಾರಿಹೋಗುವುವು. ಈ ಹುಳುವಿಲ್ಲದೆ ಅತ್ತಿಗೆ ಬೀಜವಿಲ್ಲ. ಬೀಜವಿಲ್ಲದೆ ಈ ಪೂಜ್ಯವೃಕ್ಷದ ಸಂತಾನವಿಲ್ಲ. ತೋಟದ ಕೀಟಗಳನ್ನು ಅಡಗಿಸಲು ತಜ್ಞರು ಬಳಸುವ ಸೂಕ್ಷ್ಮ ಕಡಜಗಳಲ್ಲಿ ಬಹುಪಾಲು ಈ ಉದುಂಬರಮಶಕನ ದಾಯಾದಿಗಳೇ ಎಂದು ಅವರು ತಿಳಿಸಿದರು.

ದತ್ತಾತ್ರೇಯನೆಂದು ಪರಂಪರೆಯು ಗುರುತಿಸುವ ಅವಧೂತನು ತನ್ನ ೨೪ ಗುರುಗಳನ್ನು ಯದುರಾಜನಿಗೆ ಎಣಿಸಿ ಹೇಳಿದ ಕಥೆಯು ಭಾಗವತದ ಏಕಾದಶಸ್ಕಂಧದಲ್ಲಿದೆ. ಅವರಲ್ಲಿ ನಾಲ್ವರು ಹುಳುಜಾತಿಯವರು: ದೀಪಕ್ಕೆ ಬೀಳುವ ಪತಂಗ, ಜೇನುಹುಳು, ಜೇಡ ಮತ್ತು ಕಡಜ. ಕಡಜವು ಒಂದು ಕೀಟವನ್ನು ಗೋಡೆಯ ಗೂಡಿನಲ್ಲಿ ಸೆರೆಯಿಡುವುದೆಂದೂ, ಆ ಕೀಟವು ಭಯದಿಂದ ಕಡಜವನ್ನೇ ಧ್ಯಾನಿಸುತ್ತ ಕೊನೆಗೆ ಕಡಜವೇ ಆಗಿಬಿಡುವುದೆಂದೂ ಹಿರಿಯರು ಹೇಳಿದರು. ಭ್ರಮರಕೀಟನ್ಯಾಯವೆಂದು ವೇದಾಂತಿಗಳು ಇದನ್ನೇ ದೃಷ್ಟಾಂತವಾಗಿ ಹಿಡಿದರು. ಕೀಟಶಾಸ್ತ್ರವು ಗೂಡನ್ನು ಒಡೆದು ನೋಡಿ ಬೇರೊಂದು ಮಾತನ್ನು ಹೇಳುತ್ತದೆ. ಕಡಜವು ಹುಳುವನ್ನು ಕುಟುಕಿ ಜಡಗೊಳಿಸಿ, ಅದರೊಡನೆ ತನ್ನ ಮೊಟ್ಟೆಯನ್ನೂ ಇಟ್ಟು, ಬಾಯಿಗೆ ಮಣ್ಣು ಮೆತ್ತಿ ಹೋಗುವುದು. ಮೊಟ್ಟೆಯಿಂದ ಹೊರಟ ಮರಿಯು ಆ ಹುಳುವನ್ನು ತಿಂದು ಬೆಳೆದು ರೆಕ್ಕೆ ಮೂಡಿ ಹೊರಬರುವುದು. ಹೋದುದು ಕಂಬಳಿಹುಳು, ಬಂದುದು ಕಡಜ; ಹಿರಿಯರು ಕಂಡುದು ಸುಳ್ಳಲ್ಲ. ದೃಷ್ಟಾಂತದ ಬೆಲೆಯೂ ಇದರಿಂದ ಕುಂದುವುದಿಲ್ಲ. ಆದರೆ ತೋಟಗಾರನಿಗೆ ಬೇಕಾದ ಪಾಠವು ಗೂಡಿನ ಒಳಗಿದ್ದಿತು. ಒಂದು ಕಡಜವು ಮನೆ ಕಟ್ಟುವಷ್ಟರಲ್ಲಿ ಎಷ್ಟು ಎಲೆತಿನ್ನುವ ಹುಳುಗಳು ಕಡಮೆಯಾದುವೆಂಬುದೇ ಆ ಪಾಠ.

ಇಷ್ಟು ಮಾತನಾಡುತ್ತ ತೋಟವನ್ನು ಸೇರಿದೆವು. ತೋಟದ ಒಡೆಯನು ಎರಡೆಕರೆಯ ರೈತ. ಅರ್ಧ ನಿಂಬೆ, ಅರ್ಧ ಪಪ್ಪಾಯಿ. ಪಪ್ಪಾಯಿಯ ಕೆಲವು ಸಾಲುಗಳಲ್ಲಿ ಎಲೆಯ ಹಿಂಬದಿಯಲ್ಲಿಯೂ ಕಾಯಿಯ ತೊಟ್ಟಿನಲ್ಲಿಯೂ ಹಿಟ್ಟು ಚೆಲ್ಲಿದಂತೆ ಬಿಳಿಯ ಪದರವಿದ್ದಿತು. ಇದನ್ನೇ ಹಿಟ್ಟುತಿಗಣೆಯೆಂದು ಕರೆಯುವರು. ಅದು ರಸವನ್ನು ಹೀರಿ, ಸಿಹಿಯಾದ ಅಂಟನ್ನು ಸುರಿಸುವುದು. ಅಂಟಿನ ಮೇಲೆ ಕಾಡಿಗೆಯಂತಹ ಬೂಷ್ಟು ಬೆಳೆದು ಗಿಡವು ಸೊರಗುವುದು. ಸಾಲ ತಂದು ಬೆಳೆಸಿದ ತೋಟ. ಔಷಧದ ಡಬ್ಬಿಯೂ ಸಿಂಪಡಿಸುವ ಯಂತ್ರವೂ ಬದುವಿನ ಮೇಲೆ ಸಿದ್ಧವಾಗಿದ್ದುವು. “ಇವತ್ತು ಸಂಜೆಗೆ ಹೊಡೀಬೇಕಂತ ಮಾಡೀನ್ರಿ. ನಿಮಗ ತೋರಿಸಿ ಹೊಡೆಯೋಣಂತ ತಡದೀನಿ” ಎಂದು ಆತನು ಹೇಳಿದನು.

ಶಿಷ್ಯರು ಭೂತಗನ್ನಡಿಯನ್ನು ನಮ್ಮ ಕೈಗಿತ್ತು ಒಂದು ಎಲೆಯನ್ನು ಮಗುಚಿದರು. ತಿಗಣೆಗಳ ನಡುವೆ ಅವುಗಳಿಗಿಂತ ದೊಡ್ಡದಾದ, ಮೈತುಂಬ ಬಿಳಿಯ ಮೇಣದ ಎಳೆಗಳುಳ್ಳ ಹುಳುವೊಂದು ಇದ್ದಿತು. ರೈತನು ಅದನ್ನು ತೋರಿಸಿ, ಇವೇ ಎಲ್ಲಕ್ಕೂ ತಾಯಿ, ಕಂಡಕಂಡಲ್ಲಿ ಹಿಸುಕುತ್ತಿರುವೆನೆಂದನು. ಕಡ್ಡಿಯಿಂದ ಮುಟ್ಟಿದೊಡನೆ ಅದು ಚುರುಕಾಗಿ ಓಡಿತು. ಸುತ್ತಲಿನ ತಿಗಣೆಗಳು ಮಂದವಾಗಿ ಅಲ್ಲಿಯೇ ಇದ್ದುವು. ಅದು ತಾಯಿಯಲ್ಲ, ತಿಗಣೆಗಳ ಮೃತ್ಯು. ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯದು. ತಿನ್ನುವ ಬೇಟೆಯ ವೇಷವನ್ನೇ ತೊಟ್ಟಿರುವುದರಿಂದ, ತಿಳಿಯದವರು ಮೊದಲು ಕೊಲ್ಲುವುದು ಅದನ್ನೇ. ಬೆಳೆದ ಮೇಲೆ ಅದು ಕಪ್ಪು ಬೆನ್ನು, ಕಿತ್ತಳೆ ಬಣ್ಣದ ತಲೆಯುಳ್ಳ, ಮೆಣಸಿನಕಾಳಿಗಿಂತ ಚಿಕ್ಕದಾದ ದುಂಬಿಯಾಗುವುದು.

ಬಳಿಕ ಅವರು ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿದ್ದ ತಿಗಣೆಯ ಚಿಪ್ಪುಗಳನ್ನು ತೋರಿಸಿದರು. ಕೆಲವು ಚಿಪ್ಪುಗಳಲ್ಲಿ ಸೂಜಿಯಿಂದ ಚುಚ್ಚಿದಂತೆ ದುಂಡನೆಯ ರಂಧ್ರವಿದ್ದಿತು. ಅಲ್ಲಿಂದ ಹೊರಟುಹೋದುದು ಒಂದು ಮಿಲಿಮೀಟರಿಗೂ ಕಡಮೆಯಾದ ಕಡಜ. ಅದರ ಶಾಸ್ತ್ರೀಯ ನಾಮ ಅಸೆರೋಫಾಗಸ್ ಪಪಾಯೆ.

ಈ ಕಡಜವು ನಮ್ಮ ನಾಡಿಗೆ ಬಂದ ಬಗೆಯನ್ನು ಎಲ್ಲ ಗೃಹಸ್ಥರೂ ಕೇಳತಕ್ಕುದಾಗಿದೆ. ಪಪ್ಪಾಯಿಯ ಹಿಟ್ಟುತಿಗಣೆಯು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮೂಲದ್ದು. ೨೦೦೮ರಲ್ಲಿ ಅದು ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಬೇಗನೆ ಕರ್ನಾಟಕಾದಿ ಪ್ರಾಂತಗಳಿಗೆ ಹಬ್ಬಿ, ಪಪ್ಪಾಯಿಯನ್ನಲ್ಲದೆ ರೇಷ್ಮೆಗಾರರ ಹಿಪ್ಪುನೇರಳೆಯನ್ನೂ ಹಿಡಿಯಿತು. ಔಷಧವನ್ನು ಎಷ್ಟು ಸಿಂಪಡಿಸಿದರೂ ಮೇಣದ ಹೊದಿಕೆಯ ಮೇಲೆ ನೀರು ನಿಲ್ಲದೆ ಜಾರುತ್ತಿದ್ದಿತು. ತನ್ನ ಹುಟ್ಟುನೆಲದಲ್ಲಿ ಈ ಕೀಟವು ಇಷ್ಟು ಹಾವಳಿಯನ್ನು ಮಾಡುವುದಿಲ್ಲ. ಅಲ್ಲಿ ಅದಕ್ಕೆ ಶತ್ರುಗಳಿದ್ದಾರೆ, ಇಲ್ಲಿಗೆ ಒಂಟಿಯಾಗಿ ಬಂದಿದೆ. ಆದಕಾರಣ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟಸಂಸ್ಥೆಯ ತಜ್ಞರು ಅಮೆರಿಕದ ಕೃಷಿ ಇಲಾಖೆಯ ನೆರವಿನಿಂದ ೨೦೧೦ರಲ್ಲಿ ಪೋರ್ಟೊರಿಕೊ ದ್ವೀಪದಿಂದ ಮೂರು ಜಾತಿಯ ಕಡಜಗಳನ್ನು ತರಿಸಿದರು. ಅವನ್ನು ಕೂಡಲೇ ಬಯಲಿಗೆ ಬಿಡಲಿಲ್ಲ. ಮುಚ್ಚಿದ ಕೋಣೆಗಳಲ್ಲಿಟ್ಟು, ಜೇನುಹುಳು ರೇಷ್ಮೆಹುಳು ಮೊದಲಾದ ಉಪಕಾರಿಗಳಿಗೆ ಅವು ಕೇಡು ಮಾಡವೆಂಬುದನ್ನು ನಿಶ್ಚಯಿಸಿಕೊಂಡರು. ಅದೇ ವರ್ಷದ ಕೊನೆಯ ಭಾಗದಲ್ಲಿ ತೋಟಗಳಿಗೆ ಬಿಟ್ಟರು. ಮೂರರಲ್ಲಿ ಅಸೆರೋಫಾಗಸ್ ಎಲ್ಲಕ್ಕಿಂತ ಚೆನ್ನಾಗಿ ನೆಲೆಗೊಂಡಿತು. ಕೆಲವೇ ತಿಂಗಳುಗಳಲ್ಲಿ ಬಿಟ್ಟಲ್ಲೆಲ್ಲ ಹಿಟ್ಟು ಇಳಿಯತೊಡಗಿತು. ಒಮ್ಮೆ ನೆಲೆಗೊಂಡ ಕಡಜಕ್ಕೆ ಸಂಬಳವಿಲ್ಲ, ವರ್ಷವರ್ಷವೂ ಕೊಳ್ಳಬೇಕಾದ ಡಬ್ಬಿಯಿಲ್ಲ. ತಿಗಣೆಯಿರುವಲ್ಲಿಗೆ ತಾನೇ ಹಾರಿ ಹೋಗುವುದು.

ಈ ವಿದ್ಯೆಯು ನಿನ್ನೆ ಮೊನ್ನೆಯದಲ್ಲ. ಚೀನಾದೇಶದವರು ಕಿತ್ತಳೆಯ ಮರಗಳಿಗೆ ಕೆಂಪಿರುವೆಯ ಗೂಡುಗಳನ್ನು ಕೊಂಡು ತಂದು ಕಟ್ಟುತ್ತಿದ್ದರೆಂದು ಕ್ರಿ. ಶ. ೩೦೪ರ ಸುಮಾರಿನ ಗ್ರಂಥವೊಂದು ತಿಳಿಸುತ್ತದೆ. ನಮ್ಮ ಮಲೆನಾಡಿನವರು ಚಟ್ನಿ ಮಾಡುವ ಚಗಳಿಯಿರುವೆಯೂ ಅದೇ ಜಾತಿಯದು. ೧೭೬೨ರಲ್ಲಿ ಮಿಡತೆಯ ಕಾಟಕ್ಕಾಗಿ ಮಾರಿಷಸ್ ದ್ವೀಪಕ್ಕೆ ನಮ್ಮ ದೇಶದ ಗೊರವಂಕಗಳನ್ನೇ ಒಯ್ದರು. ೧೭೯೫ರಲ್ಲಿ ಬ್ರಜಿಲ್ ದೇಶದಿಂದ, ಕೆಂಪು ಬಣ್ಣವನ್ನು ಕೊಡುವ ಕೀಟವೆಂದು ಭ್ರಮಿಸಿ ಬೇರೊಂದನ್ನು ಭಾರತಕ್ಕೆ ತಂದರು. ಅದು ಬಣ್ಣವನ್ನು ಕೊಡದೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಜಾತಿಯ ಕಳ್ಳಿಯು ದಕ್ಷಿಣ ಭಾರತದ ಹೊಲಗಳನ್ನು ನುಂಗುತ್ತಿದ್ದಾಗ ೧೯೨೬ರಲ್ಲಿ ಸಿಂಹಳದಿಂದ ಆ ಕೀಟದ ದಾಯಾದಿಯೊಂದನ್ನು ತಂದು ಬಿಟ್ಟರು. ಕೆಲವು ವರ್ಷಗಳಲ್ಲಿ ನೆಲವು ಬಿಡುಗಡೆ ಹೊಂದಿತು. ಈ ಕಳ್ಳಿಯ ಕೀಟವೂ ಬಿಳಿಯ ಹಿಟ್ಟನ್ನು ಹೊದ್ದು ಹಿಟ್ಟುತಿಗಣೆಯಂತೆಯೇ ಕಾಣುವುದೆಂಬುದು ಗಮನಾರ್ಹ. ಮಿತ್ರತ್ವ ಶತ್ರುತ್ವಗಳು ಬಣ್ಣದಲ್ಲಿಲ್ಲ; ಯಾವುದನ್ನು ತಿನ್ನುವುದೆಂಬುದರಲ್ಲಿವೆ.

ನಾವು ತೋಟದಲ್ಲಿ ಕಂಡ ಕ್ರಿಪ್ಟೊಲೀಮಸ್ ದುಂಬಿಯು ಆಸ್ಟ್ರೇಲಿಯಾ ದೇಶದ್ದು. ೧೮೯೮ರಲ್ಲಿ ಕಾಫಿಯ ಹಸುರು ಶಲ್ಕಕೀಟವನ್ನು ತಿನ್ನಲೆಂದು ಅದನ್ನು ತಂದರು. ಆ ಕೆಲಸವನ್ನು ಅದು ಮಾಡಲಿಲ್ಲ. ಹಿಟ್ಟುತಿಗಣೆಗಳ ಮೇಲೆ ತಿರುಗಿತು. ಮೈಸೂರು ಸಂಸ್ಥಾನದಲ್ಲಿ ಕಬ್ಬಿನ ಕೊರಕದ ಮೇಲೆ ಪ್ರಯೋಗಿಸಲು ಟ್ರೈಕೊಗ್ರಾಮ ಕಡಜಗಳನ್ನು ರಾಶಿಯಾಗಿ ಸಾಕಿದ ಪ್ರಯೋಗಗಳನ್ನು ಟಿ. ವಿ. ಸುಬ್ರಹ್ಮಣ್ಯಂ ಎಂಬವರು ೧೯೩೭ರಲ್ಲಿ ಪ್ರಕಟಿಸಿದರು. ೧೯೫೭ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಶಾಖೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ೧೯೭೭ರಲ್ಲಿ ಅಖಿಲ ಭಾರತ ಯೋಜನೆ, ೧೯೯೩ರಲ್ಲಿ ಪ್ರತ್ಯೇಕ ನಿರ್ದೇಶನಾಲಯ. ಅದೇ ಈಗಿನ ಹೆಬ್ಬಾಳದ ಸಂಸ್ಥೆಯಾಗಿ ಬೆಳೆದಿದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ದ್ರಾಕ್ಷಿ, ನಿಂಬೆ ಮೊದಲಾದುವುಗಳ ಹಿಟ್ಟುತಿಗಣೆಯ ಮೇಲೆ ಬಹುಕಾಲ ದುಡಿದರು. ನಿಂಬೆಯ ತಿಗಣೆಗಾಗಿ ೧೯೮೩ರಲ್ಲಿ ಟ್ರಿನಿಡಾಡ್ ದ್ವೀಪದಿಂದ ಲೆಪ್ಟೊಮಾಸ್ಟಿಕ್ಸ್ ಎಂಬ ಕಡಜವು ಬಂದಿತು. ಬೆಂಗಳೂರಿನ ಸುತ್ತಣ ತೋಟಗಳಲ್ಲಿ ಅದು ಗುಣವನ್ನು ತೋರಿಸಿತು.

ಈ ಮಿತ್ರಕೀಟಗಳನ್ನು ಸಾಕುವ ವಿಧಾನವು ಗೃಹಿಣಿಯರಿಗೆ ವಿನೋದವನ್ನುಂಟುಮಾಡೀತು. ದುಂಬಿಗೆ ತಿಗಣೆ ಬೇಕು, ತಿಗಣೆಗೆ ಗಿಡ ಬೇಕು. ಪ್ರಯೋಗಶಾಲೆಯಲ್ಲಿ ಗಿಡದ ಬದಲು ಬಲಿತ ಸಿಹಿಗುಂಬಳಕಾಯಿಯೇ ಸಾಕು. ಕಾಯಿಯ ಮೇಲೆ ತಿಗಣೆಯನ್ನು ಹಬ್ಬಿಸಿ, ಅದು ಬೆಳ್ಳಗಾದ ಮೇಲೆ ಪೆಟ್ಟಿಗೆಯಲ್ಲಿಟ್ಟು ದುಂಬಿಗಳನ್ನು ಬಿಡುವರು. ಟ್ರೈಕೊಗ್ರಾಮ ಕಡಜವು ಪತಂಗಗಳ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿಡುವುದು. ಅದಕ್ಕಾಗಿ ಅಕ್ಕಿಯ ಪತಂಗವನ್ನು ಸಾಕಬೇಕು. ಆ ಪತಂಗದ ಮರಿಗಳಿಗೆ ಒಡೆದ ಜೋಳದ ನುಚ್ಚೇ ಆಹಾರ. ಸಿಕ್ಕಿದ ಮೊಟ್ಟೆಗಳನ್ನು ಕಾಗದದ ಚೀಟಿಗೆ ಅಂಟಿಸಿ ಕಡಜಕ್ಕೆ ಒಪ್ಪಿಸುವರು. ಅಂಗೈಯಗಲದ ಒಂದು ಚೀಟಿಯಲ್ಲಿ ಸುಮಾರು ೨೦,೦೦೦ ಮೊಟ್ಟೆಗಳಿರುವುವು. ತೋಟಗಾರನು ಅದನ್ನು ತುಂಡರಿಸಿ ಎಲೆಗಳ ಅಡಿಗೆ ಚುಚ್ಚುವನು. ಜೋಳದ ನಾಡಿನಲ್ಲಿ ಜೋಳದ ನುಚ್ಚೇ ಹೀಗೆ ಬೆಳೆಗೆ ಕಾವಲಾಗುವುದು ಉಚಿತವೇ ಸರಿ.

ಇದನ್ನೆಲ್ಲ ಕೇಳಿದ ರೈತನು ಒಂದೇ ಪ್ರಶ್ನೆಯನ್ನು ಕೇಳಿದನು: “ಈ ಹುಳ ಆ ಹುಳ ತಿನ್ನೋತನಕ ನನ್ನ ಕಾಯಿ ಉಳೀತಾವೇನ್ರಿ?” ಪ್ರಶ್ನೆಯು ನ್ಯಾಯವಾದುದೇ. ಇದೇ ಸಂಗಮದ ದಾರಿಯ ಹೊಲದ ರೈತನೊಬ್ಬನ ಕಥೆ ಗುರುಚರಿತ್ರೆಯಲ್ಲಿದೆ. ಗುರುವಿನ ಅಪ್ಪಣೆಯಂತೆ ಆತನು ತೆನೆ ಬಲಿಯುವ ಮೊದಲೇ ಜೋಳದ ಪೈರನ್ನು ಕೊಯ್ದುಬಿಟ್ಟನು. ಹೆಂಡತಿ ಅತ್ತಳು, ಜನ ನಕ್ಕರು. ಬಳಿಕ ಅಕಾಲದ ಮಳೆ ಬಿದ್ದು, ಇತರರ ಪೈರು ಕೆಟ್ಟು, ಆತನ ಕೂಳೆಯೇ ಚಿಗುರಿ ಹಲವು ಪಟ್ಟು ಬೆಳೆಯಿತು. ಆ ಕಥೆಯನ್ನು ಜ್ಞಾಪಿಸಿದಾಗ ಶಿಷ್ಯರು ತಲೆಯಲ್ಲಾಡಿಸಿದರು. “ಗುರುವು ನಂಬಿಕೆಯನ್ನು ಕೇಳಬಹುದು, ನಾವು ಕೇಳಬಾರದು. ನಾವು ಕೇಳತಕ್ಕುದು ಎಣಿಕೆಯನ್ನು ಮಾತ್ರ” ಎಂದು ಹೇಳಿ, ರೈತನೊಡನೆ ಹತ್ತು ಗಿಡಗಳನ್ನು ಆರಿಸಿ, ಒಂದೊಂದರಲ್ಲಿ ಮೂರು ಎಲೆಗಳನ್ನು ತಿರುವಿ, ಬದುಕಿದ ತಿಗಣೆಯೆಷ್ಟು, ಕಂದಾದ ಚಿಪ್ಪೆಷ್ಟು, ದುಂಬಿಯ ಮರಿಯೆಷ್ಟೆಂದು ಕಾಗದದಲ್ಲಿ ಬರೆಸಿದರು. ಒಳಸಾಲುಗಳಲ್ಲಿ ಚಿಪ್ಪುಗಳೇ ಹೆಚ್ಚಾಗಿದ್ದುವು. ರಸ್ತೆಯ ಬದಿಯ ಎರಡು ಸಾಲುಗಳಲ್ಲಿ ಮಿತ್ರಕೀಟಗಳು ಬಹು ವಿರಳ. ಹಿಂದಿನ ತಿಂಗಳು ಆ ಸಾಲುಗಳಿಗೆ ಮಾತ್ರ ಔಷಧ ಬಿದ್ದಿದ್ದಿತು. ವಿಷವು ಮೇಣದ ಮರೆಯ ತಿಗಣೆಯನ್ನು ಅರ್ಧ ಕೊಂದು, ಮರೆಯಿಲ್ಲದ ಕಡಜವನ್ನು ಪೂರ್ತಿ ಕೊಂದಿದ್ದಿತು. ಉಳಿದ ಅರ್ಧವು ಕಾವಲಿಲ್ಲದ ಹೊಲದಲ್ಲಿ ಮತ್ತೆ ಹೆಚ್ಚಿತು.

ಕೊನೆಗೆ ಆದ ಒಪ್ಪಂದವಿಷ್ಟು. ರಸ್ತೆಯ ಬದಿಯಲ್ಲಿ ಅತಿಯಾಗಿ ಹಿಡಿದ ಎಲೆಕಾಯಿಗಳನ್ನು ಕೊಯ್ದು ತೆಗೆಯುವುದು. ನೀರನ್ನು ರಭಸದಿಂದ ಹಾಯಿಸಿ ಹಿಟ್ಟನ್ನು ತೊಳೆಯುವುದು. ಒಳಸಾಲಿನಿಂದ ಕಂದು ಚಿಪ್ಪುಗಳಿರುವ ಎಲೆಗಳನ್ನು ತಂದು ಅಲ್ಲಿ ಕಟ್ಟುವುದು. ಎಂಟು ದಿನಗಳ ಮೇಲೆ ಅದೇ ಹತ್ತು ಗಿಡಗಳನ್ನು ಮತ್ತೆ ಎಣಿಸುವುದು. ಎಣಿಕೆ ವಿಪರೀತವಾದರೆ ಮುಂದಿನ ವಿಚಾರ. ಔಷಧದ ಡಬ್ಬಿಯನ್ನು ರೈತನು ಎಸೆಯಲಿಲ್ಲ, ಗುಡಿಸಲಿನ ಮೂಲೆಗಿಟ್ಟನು. ಇದು ನಮಗೆ ಬಹಳ ಮೆಚ್ಚಿಗೆಯಾಯಿತು. ಸಾಲಗಾರನಿಗೆ ಧೈರ್ಯವನ್ನು ಉಪದೇಶಿಸುವುದು ಸುಲಭ. ಅವನ ಧೈರ್ಯಕ್ಕೆ ಆಧಾರವನ್ನು ಒದಗಿಸುವುದು ವಿದ್ಯೆ. ಎಂಟು ದಿನಗಳ ತರುವಾಯ ಶಿಷ್ಯರ ಕಾಗದ ಬಂದಿತು: ಒಳಸಾಲುಗಳು ತಿಳಿಯಾಗಿವೆ, ಹೊರಸಾಲುಗಳಲ್ಲಿ ಚಿಪ್ಪುಗಳು ಕಾಣತೊಡಗಿವೆ, ಎರಡು ಗಿಡಗಳು ಮಾತ್ರ ಕೈಬಿಟ್ಟುವು.

ಈ ಮಾರ್ಗಕ್ಕೆ ಮಿತಿಗಳಿಲ್ಲವೆಂದು ಯಾರೂ ತಿಳಿಯಬಾರದು. ಎಲ್ಲ ಕೀಟಕ್ಕೂ ತಕ್ಕ ಶತ್ರುವು ಸಿಕ್ಕಿಲ್ಲ. ಹೊರನಾಡಿನ ಜೀವಿಯನ್ನು ಪರೀಕ್ಷೆಯಿಲ್ಲದೆ ಬಿಟ್ಟರೆ ಉಪಕಾರಕ್ಕೆ ಬಂದುದೇ ಉಪದ್ರವವಾದೀತು. ಕಡಜವು ಕೀಟವನ್ನು ನಿರ್ವಂಶ ಮಾಡುವುದಿಲ್ಲ; ತನ್ನ ಊಟಕ್ಕಾಗಿ ಸ್ವಲ್ಪವನ್ನು ಉಳಿಸುವುದು. ಒಂದು ಹುಳುವೂ ಇರಕೂಡದೆಂಬ ಹಟವುಳ್ಳವನಿಗೆ ಇದು ಒಗ್ಗದು.

ಹಿತ್ತಲಿನಲ್ಲಿ ಒಂದು ನಿಂಬೆ, ಒಂದು ಪಪ್ಪಾಯಿ, ನಾಲ್ಕು ದಾಸವಾಳಗಳನ್ನು ಸಾಕುವ ಗೃಹಿಣಿಯರಿಗೂ ಇದರಲ್ಲಿ ಕೆಲಸವುಂಟು. ಹಿಟ್ಟು ಹಿಡಿದ ಗಿಡದ ಮೇಲೆ ಇರುವೆಯ ಸಾಲು ಹರಿಯುತ್ತಿದ್ದರೆ ಮೊದಲು ಅದನ್ನು ತಡೆಯಬೇಕು. ತಿಗಣೆಯ ಸಿಹಿಯಂಟಿಗೆ ಆಸೆಪಟ್ಟು ಇರುವೆಗಳು ಅದನ್ನು ಹಸುವಿನಂತೆ ಕಾಯುವುವು, ಕಡಜ ದುಂಬಿಗಳನ್ನು ಓಡಿಸುವುವು. ಕುಂಡವಾದರೆ ನೀರಿನ ತಟ್ಟೆಯಲ್ಲಿಡಬಹುದು. ಮರವಾದರೆ ಕಾಂಡಕ್ಕೆ ಅಂಟಿನ ಪಟ್ಟಿಯನ್ನು ಸುತ್ತಬಹುದು. ಟೊಮೆಟೊ ಹಾಕುವವರು ೧೬ ಸಾಲಿಗೆ ಒಂದು ಸಾಲು ಚೆಂಡುಹೂವನ್ನು ಹಾಕಿದರೆ ಕಾಯಿಕೊರಕದ ಪತಂಗವು ಹೂವಿಗೆ ಮರುಳಾಗಿ ಅಲ್ಲಿ ಮೊಟ್ಟೆಯಿಡುವುದೆಂದು ಹೆಸರಘಟ್ಟದವರು ಕಂಡುಕೊಂಡಿದ್ದಾರೆ. ದೇವರಿಗೆ ಹೂವೂ ಆಯಿತು.

ಇನ್ನೊಂದು ಮಾತು. ಎಲೆಯ ಮೇಲೆ ಕೂದಲಿನಂತಹ ಕಡ್ಡಿಗಳ ತುದಿಯಲ್ಲಿ ನಿಂತ ಬಿಳಿಯ ಚುಕ್ಕೆಗಳನ್ನು ಕಂಡರೆ ಬೂಷ್ಟೆಂದು ಒರಸಬಾರದು. ಅವು ಹಸುರು ಜಾಲರೆಕ್ಕೆಯ ಹುಳುವಿನ ಮೊಟ್ಟೆಗಳು. ಅದರ ಮರಿಯು ಹೇನು ತಿಗಣೆಗಳನ್ನು ಹಿಡಿದು ಹೀರುವ ಶೂರ. ಜಪಾನಿನ ಜನರು ಈ ಮೊಟ್ಟೆಗಳನ್ನು ‘ಉದೊಂಗೆ’ ಎಂದು ಕರೆಯುವರು. ಬೌದ್ಧರೊಡನೆ ಅಲ್ಲಿಗೆ ಹೋದ ನಮ್ಮ ಉದುಂಬರ ಶಬ್ದವೇ ಅದು. ಯುಗಕ್ಕೊಮ್ಮೆ ಅರಳುವ ಉದುಂಬರದ ಹೂವೆಂದು ಅವರು ಅದನ್ನು ತಿಳಿದರು. ಕಾಣದ ಹೂವನ್ನು ಹುಳುವಿನ ಮೊಟ್ಟೆಯಲ್ಲಿ ಕಂಡ ಅವರ ಕಣ್ಣನ್ನು ನಾವು ಹಳಿಯಲಾರೆವು. ಮನೆಯ ಮಕ್ಕಳಿಗೆ ಹತ್ತು ರೂಪಾಯಿಯ ಆಟಿಕೆಯ ಬದಲು ಒಂದು ಭೂತಗನ್ನಡಿಯನ್ನು ಕೊಡಿಸಿ, ಹಿತ್ತಲಿನ ಎಲೆಯೊಂದನ್ನು ತಿರುವಿ ನೋಡಲು ಹೇಳಿರಿ. ಯಾವುದು ಓಡುವುದು, ಯಾವುದು ಕುಳಿತಿರುವುದೆಂದು ಅವರೇ ಎಣಿಸಲಿ. ಕೊಲ್ಲುವ ಮೊದಲು ಗುರುತಿಸುವ ಅಭ್ಯಾಸವು ಬಾಲ್ಯದಲ್ಲಿಯೇ ಕೂಡಿಬಂದರೆ ನಾಳೆಯ ತೋಟಗಳಿಗೆ ಅದೇ ಬಹುದೊಡ್ಡ ಬೇಲಿ.